ಮದ್ದಿನ ತಕ್ಕಡಿ

ಕರಿಯಪ್ಪನವರನ್ನು ಮೊದಲ ನೋಟದಲ್ಲೇ ತೂಗಿಬಿಟ್ಟೆ. ಕೊಡಗಿನ ಸರಕು, ಕಟ್ಟು ಗಟ್ಟಿ, ಮೀಸೆ ಧಾರಾಳ, ಸಂಶಯ ವಿಪರೀತ. ರಾಟರ್‌ಡ್ಯಾಮ್ ಬಂದರಿನಲ್ಲಿ ಹಡಗು ತಪಾಸಣೆ ಮಾಡುವವರು, ಗುರಿ ಹೊಡೆಯುವ ನಮ್ಮ ಶೂಟಿಂಗ್ ಕ್ಲಬ್ಬಿಗೆ ಶನಿವಾರದ ಮೇಲ್ವಿಚಾರಕರು. ಇಂಥವರು ಗಿರಾಕಿಯಾಗಿ ಬಂದರೆ ಚೀಲದ ತಳದ ಮೆಣಸಿನಕಾಯಿಯನ್ನೂ ಮುರಿದು ಮೂಸುತ್ತಾರೆ. ಲಾಭವಿಲ್ಲದ ಪಾರ್ಟಿ ಎಂದು ಮನಸ್ಸಿನಲ್ಲೇ ಬದಿಗಿಟ್ಟೆ.

ನಾನು ಬ್ಯಾಡಗಿಯ ಬಸವಂತಪ್ಪ. ದ ಹೇಗ್‌ನಲ್ಲಿ ಮಸಾಲೆ ವ್ಯಾಪಾರ. ೧೯೯೮ರಲ್ಲಿ ಘನಸಂಕಲ್ಪವೊಂದನ್ನು ಮಾಡಿದೆ: ಇನ್ನು ಬಂದೂಕಿನಂಗಡಿಯ ಸಿದ್ಧ ತೋಟಾ ಮುಟ್ಟುವುದಿಲ್ಲ! ಹಾರಿಸಿ ಉಳಿದ ಹಿತ್ತಾಳೆ ಕೊಳವೆಗೆ ನಾನೇ ಮದ್ದು ತುಂಬಿ, ಸೀಸದ ಗುಂಡು ಕೂರಿಸಿ, ನನ್ನ ರಿವಾಲ್ವರಿನ ಹೊಟ್ಟೆಯನ್ನು ನಾನೇ ಹೊರೆಯುತ್ತೇನೆ! ಪೊಲೀಸರ ಪರವಾನಗಿ ಬಂತು, ಗುಂಡು ಕೂರಿಸುವ ಒತ್ತುಯಂತ್ರ ಬಂತು, ಮದ್ದು ತೂಗುವ ಪುಟಾಣಿ ತಕ್ಕಡಿಯೂ ಬಂತು.

“ಮೊದಲ ಸಲ ನನ್ನೆದುರು ತುಂಬಿ,” ಎಂದರು ಕರಿಯಪ್ಪ. “ಖಾಲಿ ತಕ್ಕಡಿ ಸೊನ್ನೆಗೆ ನಿಂತಿದ್ಯಾ ಅಂತ ಪ್ರತಿ ಸಲ ನೋಡ್ಬೇಕು.”

“ತಕ್ಕಡಿ ವಿಷಯಾ ನನಗ ಹೇಳ್ತೀರೇನ್ರೀ? ನಮ್ಮ ವಂಶಾನ ತಕ್ಕಡಿಯೊಳಗ ಹುಟ್ಟೈತಿ!”

ಅಷ್ಟರಲ್ಲಿ ಆಯುಧಪೂಜೆ. ಅಂಗಡಿಯ ತೂಕದ ಕಾಟಾಕ್ಕೆ, ಸೈಕಲ್ಲಿಗೆ, ಒತ್ತುಯಂತ್ರಕ್ಕೆ ಕುಂಕುಮವಿಟ್ಟೆ. ಪುಟಾಣಿ ತಕ್ಕಡಿಯನ್ನು ಕಂಡಾಗ ಮಾತ್ರ ಭಕ್ತಿ ಉಕ್ಕಿ ಹರಿಯಿತು. ಅದರ ಬಟ್ಟಲಿನ ಹೊಟ್ಟೆಗೆ ಕೆಳಗಿನಿಂದ ದಪ್ಪಗೆ ಗಂಧ ಮೆತ್ತಿದೆ.

ಹೆಂಡತಿ ನೀಲಾಂಬಿಕಾ ಇಣುಕಿದಳು. “ಏನ್ರೀ, ಗಂಧಾ ಹಚ್ಚಾಕತ್ತೀರೋ, ಗ್ವಾಡಿಗೆ ಗಿಲಾವ್ ಮಾಡಾಕತ್ತೀರೋ?”

“ದೇವರ ಮುಂದ ಜಿಪುಣತನ ಮಾಡಬಾರ್ದು!”

ಮರುದಿನ ಹಬ್ಬದ ಹುರುಪಿನಲ್ಲೇ ಒಬ್ಬನೇ ಕೂತು ಡಬ್ಬಿ ತುಂಬ ತೋಟಾ ತಯಾರಿಸಿದೆ. ಸೊನ್ನೆ ನೋಡಿದೆನೇ? ತಕ್ಕಡಿಯ ಕುಲದೀಪಕನಿಗೆ ಸೊನ್ನೆಯ ಹಂಗೇ!

ಶನಿವಾರ ಕ್ಲಬ್ಬಿನಲ್ಲಿ ನನ್ನ ಮುರುಕು ಡಚ್‌ನಲ್ಲಿ ಎಲ್ಲರಿಗೂ ಡಂಗುರ ಸಾರಿ, ಗುರಿಯಿಟ್ಟು ಒತ್ತಿದೆ. ‘ಢಂ’ ಎನ್ನಬೇಕಾದದ್ದು ‘ಪುಸ್’ ಎಂದಿತು! ಹಲಗೆಯಲ್ಲಿ ತೂತಿಲ್ಲ. ಪಕ್ಕದ ಡಚ್ ಮುದುಕ ನನ್ನನ್ನೂ ರಿವಾಲ್ವರನ್ನೂ ಸಮಾನ ಅನುಕಂಪದಿಂದ ನೋಡಿದ. ಮಾನ ಮುಚ್ಚಿಕೊಳ್ಳಲು ತಕ್ಷಣ ಇನ್ನೊಂದು ಹಾರಿಸಿಬಿಡೋಣವೆಂದು ಬೆರಳು ಬಾಗಿಸಿದೆ.

“ಸ್ಟಾಪ್! ಬೆರಳು ತೆಗೀರಿ!”

ಕರಿಯಪ್ಪನವರ ಗರ್ಜನೆಗೆ ಗುರಿಕಾರರ ಇಡೀ ಸಾಲೇ ಬಂದೂಕು ಕೆಳಗಿಳಿಸಿತು.

“ನನ್ನ ತೋಟಾ, ನನ್ನ ಮದ್ದು! ಮಂದಿ ಮುಂದ ಹಿಂಗ ಒದರ್ತೀರಲ್ಲ, ನಿಮಗ ಹೊಟ್ಟಿಕಿಚ್ಚು!” ನಾನೂ ಅರಚಿದೆ. ಹೌದು, ಅರಚಿದೆ. ಅದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಅವರು ರಿವಾಲ್ವರ್ ಇಸಿದುಕೊಂಡು, ಉಳಿದ ತೋಟಾ ತೆಗೆದು, ನಳಿಕೆಗೆ ಸರಳು ತೂರಿಸಿದರು. ಅದು ಅರ್ಧದಲ್ಲೇ ನಿಂತಿತು.

“ಸಾಹುಕಾರ್ರೇ, ಮೊದಲ ಗುಂಡು ಇಲ್ಲೇ ಠಿಕಾಣಿ ಹೂಡಿದೆ. ಎರಡನೇದು ಬಂದು ಇದಕ್ಕೆ ಗುದ್ದಿದ್ರೆ ನಳಿಕೆ ಸಿಡೀತಿತ್ತು. ನಿಮ್ಮ ಕೈಯಲ್ಲೇ.”

ನನ್ನ ವಂಶದ ಅಷ್ಟೂ ತಕ್ಕಡಿಗಳನ್ನು ನೆನೆಯುತ್ತ ತೋಟಾ ಡಬ್ಬಿಯ ಮುಚ್ಚಳ ಮುಚ್ಚಿದೆ.

ಸಂಜೆ ಅವರೇ ಮನೆಗೆ ಬಂದರು, ಬೈಯಲಿಕ್ಕಲ್ಲ, ಕಾರಣ ಹುಡುಕಲಿಕ್ಕೆ. ಪುಟಾಣಿ ತಕ್ಕಡಿಯ ಖಾಲಿ ಬಟ್ಟಲೇ ಭಾರದಿಂದ ಕೆಳಗೆ ಜಗ್ಗುತ್ತಿತ್ತು. ಮಗುಚಿ ನೋಡಿದರೆ ಒಣಗಿದ ಗಂಧ! ತೋಟಾ ಒಂದಕ್ಕೆ ಬೇಕಾದದ್ದೇ ಚಿಟಿಕೆ ಮದ್ದು. ಅದರ ಅರ್ಧ ತೂಕವನ್ನು ನನ್ನ ಭಕ್ತಿ ನುಂಗಿಹಾಕಿತ್ತು.

ಚಹಾ ತಂದ ನೀಲಾಂಬಿಕಾ ಬಟ್ಟಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. “ಮಂದಿಗೆ ತೂಕಾ ಹೊಡಿಯೋ ವ್ಯಾಪಾರಸ್ಥರನ್ನ ಬೇಕಾದಷ್ಟು ನೋಡೀನಿ. ದೇವರ ಹೆಸರ್ಲೆ ತನಗ ತಾನ ತೂಕಾ ಹೊಡಕೊಂಡಾವ್ರು ನೀವ ಮೊದಲ್ನೇದವ್ರು!”

ಕರಿಯಪ್ಪನವರ ಮೀಸೆಯಿಂದ ಚಹಾ ಸಿಡಿಯಿತು. ನಗು ಮುಗಿದ ಮೇಲೆ, “ಡಬ್ಬಿ ಕೊಡಿ, ಆ ತೋಟಾಗಳನ್ನೆಲ್ಲ ನಾನೇ ಬಿಚ್ತೀನಿ,” ಎಂದರು.

ಮುಂದಿನ ಶನಿವಾರ ಅದೇ ಸಾಲಿನೆದುರು ನಿಂತು, ಅದೇ ಮುರುಕು ಡಚ್‌ನಲ್ಲಿ ಅವರ ಕ್ಷಮೆ ಕೇಳಿದೆ. ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಇದನ್ನು ಬರೆಯುತ್ತಿರುವ ಬಲಗೈ ಐದು ಬೆರಳುಗಳ ಸಮೇತ ಕರಿಯಪ್ಪನವರ ಋಣ.