ಆಯಿಲ್ ಕುಡಿದ ಮಷಿನ್

ಭೀಮಶ್ಯಾನಿಗೆ ಬೇವಿನ ಮರದ ಮೇಲೆ ಸಿಟ್ಟಿರಲಿಲ್ಲ. ಸಿಟ್ಟಿದ್ದದ್ದು ಅದು ಬಿದ್ದ ಜಾಗದ ಮೇಲೆ. ಗಾಳಿಗೆ ಉರುಳುವಾಗ ತೆಂಗಳಿ ಊರಿನ ಅಷ್ಟೂ ಬಯಲನ್ನು ಬಿಟ್ಟು ಅವನ ಮನೆಯ ಗೇಟಿಗೇ ಅಡ್ಡ ಮಲಗಿತ್ತು. ಮಧ್ಯಾಹ್ನದೊಳಗೆ ದಾರಿ ತೆರೆಯದಿದ್ದರೆ ಚಿತ್ತಾಪುರದಿಂದ ತನ್ನ ಅಣ್ಣ ಬೀರೇಶನನ್ನು ಕರೆಸುವುದಾಗಿ ಹೆಂಡತಿ ನಾಗರತ್ನಾ ಹೇಳಿಬಿಟ್ಟಿದ್ದಳು. ಹಿಂದೊಮ್ಮೆ ಇವರ ಮಿಕ್ಸಿ ರಿಪೇರಿ ಮಾಡಿದ ಆ ಮಹಾಶಯ ಅದನ್ನು ಇವತ್ತಿಗೂ ಮದುವೆ ಪಂಕ್ತಿಗಳಲ್ಲಿ ವರ್ಣಿಸುತ್ತಾನೆ. ಮರಕ್ಕಿಂತ ಆ ವರ್ಣನೆಯೇ ಭಾರ.

ಭೀಮಶ್ಯಾ ಮರ ಕೊಯ್ಯುವ ಹಳೆಯ ಮಷಿನ್ ಹೊರತೆಗೆದ. ಪೆಟ್ರೋಲಿಗೆ ಅಳತೆಯ ಆಯಿಲ್ ಬೆರೆಸಿ, ಕ್ಯಾನನ್ನು ಅಂಗಳದಲ್ಲಿಟ್ಟು, ನಟ್ಟು ಬಿಚ್ಚುವ ಪಾನಾ ಹುಡುಕಲು ಒಳಗೆ ಹೋಗಿ ಬಂದು, ಟ್ಯಾಂಕ್ ತುಂಬಿ ಹಗ್ಗ ಎಳೆದ. ಮಷಿನ್ ಕೆಮ್ಮಿತು, ಹೊಗೆ ಕಾರಿತು, ಸುಮ್ಮನಾಯಿತು. ಕಿಡಿ ಹಾರಿಸುವ ಪ್ಲಗ್ ಬಿಚ್ಚಿದರೆ ಕಾಡಿಗೆಯಂತೆ ಕಪ್ಪು, ದೀಪದ ಬತ್ತಿಯಂತೆ ಜಿಡ್ಡು. ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ತಿಕ್ಕಿದ (ಯಾರ ಬ್ರಷ್ಷೆಂದು ವಿಚಾರಿಸುವುದು ಬೇಡ). ಮತ್ತೆ ತುಂಬಿದ, ಮತ್ತೆ ಎಳೆದ. ಹೊಗೆ ಹೆಚ್ಚಿತು, ಕಪ್ಪೂ ಹೆಚ್ಚಿತು. ಸಂಶಯ ಬಂದು ಕ್ಯಾನ್ ಅಲುಗಿಸಿದ. ಒಳಗಿನದು ಬೆಲ್ಲದ ಪಾಕದಷ್ಟು ಮಂದವಾಗಿತ್ತು.

"ಇದರಾಗ ಆಯಿಲ್ ಯಾರು ಹಾಕ್ಯಾರ?"

ತಾಯಿ ಸಾಬಮ್ಮ ಸೆರಗು ಸರಿಮಾಡಿಕೊಂಡಳು. "ನಾನೇ ಹಾಕೀನಪ್ಪ. ಮುದಿ ಮಷಿನ್, ಕೀಲ ಒಣಗಿರ್ತಾವ."

"ನಾನೂ ಒಂದೀಟು ಹಾಕೀನ್ರಿ," ಎಂದಳು ನಾಗರತ್ನಾ. "ನೀವು ಎಳದೆಳದು ಸೋತಿದ್ರಿ. ನೋಡ್ಲಿಕ್ಕ ಆಗ್ಲಿಲ್ಲ."

ಇಷ್ಟು ಪ್ರೀತಿಯನ್ನು ಯಾವ ಎಂಜಿನ್ ತಾನೇ ಅರಗಿಸಿಕೊಂಡೀತು? ಟ್ಯಾಂಕ್ ಬರಿದು ಮಾಡಿ, ತೊಳೆದೊರೆಸಿದ ಪ್ಲಗ್ಗನ್ನು ಪಡಸಾಲೆಯ ನೆರಳಲ್ಲಿ ಮಷಿನ್ನಿನ ಮೈಗೆ ತಾಗಿಸಿ ಹಗ್ಗ ಎಳೆದ. ಚಟ್ ಎಂದು ನೀಲಿ ಕಿಡಿಯೊಂದು ಜಿಗಿಯಿತು. ಮೂವರೂ ಬಗ್ಗಿ ನೋಡಿದರು.

"ಸಾಸಿವಿ ಕಾಳಿನಷ್ಟದ," ಸಾಬಮ್ಮ ಕೈಮುಗಿದಳು. "ಇದು ಅಷ್ಟು ದೊಡ್ಡ ಮರ ಕೊಯ್ತದ?"

ಬೈಕಿನ ಟ್ಯಾಂಕಿನ ತಳದಲ್ಲಿ ಉಳಿದಿದ್ದ ಚೂರು ಪೆಟ್ರೋಲನ್ನೆಲ್ಲ ಇಳಿಸಿ ಹೊಸದಾಗಿ ಬೆರೆಸಿ ತುಂಬಿದ. ಒಂದೇ ಎಳೆತ, ಮಷಿನ್ ಹುಲಿಯಂತೆ ಗರ್ಜಿಸಿತು. ಓಣಿಯೇ ಗೇಟಿನಾಚೆ ನೆರೆಯಿತು. ಸಾಬಮ್ಮ ದೂರದಿಂದಲೇ ವಿಭೂತಿ ತೂರಿದಳು. ಆರಿಸಿದರೆ ಮತ್ತೆ ಹತ್ತದೇನೋ ಎಂಬ ಭಯಕ್ಕೆ ಭೀಮಶ್ಯಾ ಮಷಿನ್ ಗುರುಗುಟ್ಟಿಸುತ್ತಲೇ ನಿಂತು, ಪ್ಲಗ್ಗಿನ ಮಹಿಮೆಯನ್ನು ಬಂದವರಿಗೆಲ್ಲ ಕೂಗಿ ಕೂಗಿ ವಿವರಿಸಿದ. ಆಮೇಲೆ ವೀರಾವೇಶದಿಂದ ಮರದತ್ತ ತಿರುಗಿದ. ಸರಪಳಿ ತೊಗಟೆಗೆ ತಾಗಿತು, ಅಷ್ಟೇ. ಪೆಟ್ರೋಲ್ ಮುಗಿದಿತ್ತು.

ನಾಗರತ್ನಾ ಆಗಲೇ ಫೋನ್ ಕಿವಿಗಿಟ್ಟಿದ್ದಳು.

"ಅಣ್ಣಾ, ಮಷಿನ್ ತರಬ್ಯಾಡ, ನಮ್ಮದು ಭಾಳ ಛಲೋ ಅದ. ಪೆಟ್ರೋಲ್ ತಗೊಂಡು ಬಾ." ಗಂಡನ ಕಡೆ ನೋಡಿ ದನಿ ತಗ್ಗಿಸಿದಳು. "ನೀನೂ ಬಾ. ಇಲ್ಲಿ ಭಾಷಣ ಮಾಡೋರು ಅದಾರ, ಮರ ಕೊಯ್ಯೋರಿಲ್ಲ."