ಅಂಗಡಿಗೆ ಬಾರದ ಹಣ್ಣು

ಅತ್ತಿಗೆ ನಾಲ್ಕು ದಿನದಿಂದ ಒಂದು ತುತ್ತೂ ತಿಂದಿರಲಿಲ್ಲ. ಎಲ್ಲ ಶುರುವಾದದ್ದು ಅಲ್ಲಿಂದ.

ಪಿತ್ತಕೋಶದ ಕಲ್ಲು ತೆಗೆದದ್ದು ತೊಂದರೆಯಿಲ್ಲದೆ ಮುಗಿದಿತ್ತು. ಹೊಲಿಗೆಯೂ ಒಣಗುತ್ತ ಬಂದಿತ್ತು. ಊಟ ಮಾತ್ರ ಗಂಟಲಿನಿಂದ ಕೆಳಗೆ ಇಳಿಯುತ್ತಿರಲಿಲ್ಲ. ಬೆಳಿಗ್ಗೆ ವಾರ್ಡು ನೋಡಲು ಬಂದ ಡಾಕ್ಟರು, ಮುಟ್ಟದೆ ಇಟ್ಟಿದ್ದ ತಟ್ಟೆಯನ್ನು ಕಂಡು, ಸಂಜೆ ಐದರೊಳಗೆ ಇವರ ಹೊಟ್ಟೆಗೆ ಏನಾದರೂ ಹೋಗದಿದ್ದರೆ ಮೂಗಿನಿಂದ ನಳಿಗೆ ಹಾಕುವುದೇ ಸರಿ ಎಂದು ಹೇಳಿ ಮುಂದಿನ ಮಂಚಕ್ಕೆ ಹೋದರು.

ಆ ಮಾತು ಕೇಳಿ ಜಿಪ್ಪಣ್ಣನ ಮೂಗೇ ಉರಿಯತೊಡಗಿತು. ಜಿಪ್ಪಣ್ಣ ಅತ್ತಿಗೆಯ ಮೈದುನ. ಪೇಟೆಯಲ್ಲಿ ಒಂದು ಮಹಡಿ ಮೆಟ್ಟಿಲಿನ ಕೆಳಗೆ ಕೂತು ಬ್ಯಾಗು ರಿಪೇರಿ ಮಾಡುವವನು. ಕಿತ್ತ ಹಿಡಿಕೆ, ಹಲ್ಲು ಕೂಡದ ಜಿಪ್ಪು, ಚಕ್ರ ಕಳಚಿದ ಸೂಟ್‌ಕೇಸು ಎಲ್ಲ ಅವನಲ್ಲಿಗೇ ಬರುತ್ತಿದ್ದವು. ಬೀದಿಯವರು ಜಿಪ್ಪಣ್ಣ ಎಂದು ಕರೆದು ಕರೆದು, ಹೆತ್ತವರು ಇಟ್ಟ ಹೆಸರು ಅವನಿಗೇ ಒಮ್ಮೊಮ್ಮೆ ನೆನಪಾಗುತ್ತಿರಲಿಲ್ಲ. ಆರು ವರ್ಷದವನಾಗಿದ್ದಾಗ ತಾಯಿ ಹೋದಳು. ಆಗಷ್ಟೇ ಮದುವೆಯಾಗಿ ಬಂದಿದ್ದ ಅತ್ತಿಗೆ ಅವನನ್ನು ಸೊಂಟದ ಮೇಲೆ ಎತ್ತಿಕೊಂಡರು. ಇಳಿಸಿದ್ದು ಯಾವಾಗ ಎಂದು ಇಬ್ಬರಿಗೂ ಗೊತ್ತಿಲ್ಲ. ಅಂಥವರ ಮೂಗಿಗೆ ನಳಿಗೆ ಎಂದರೆ ಅವನಿಗೆ ನಿಂತ ನೆಲ ಕುಸಿದಂತಾಯಿತು.

ಮಂಚದ ಸುತ್ತ ಜನಕ್ಕೇನೂ ಕಮ್ಮಿ ಇರಲಿಲ್ಲ. ಅಣ್ಣ ಇದ್ದ. ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತನಾದವನು, ಈಗಲೂ ಮನೆಯಲ್ಲಿ ‘ಒಳಗೆ ಸರೀರಿ’ ಎನ್ನುವ ದನಿಯಲ್ಲೇ ಮಾತಾಡುವವನು. ಜಿಪ್ಪಣ್ಣನ ಪಕ್ಕದ ಕ್ಷೌರದಂಗಡಿಯವನಿದ್ದ. ಅವನಿಗೆ ಗೊತ್ತಿಲ್ಲದ ವಿಷಯ ಇನ್ನೂ ಹುಟ್ಟಿರಲಿಲ್ಲ. ಅವರ ಬೆನ್ನಿಗೆ ಬೀದಿಯ ಇನ್ನೂ ನಾಲ್ಕೈದು ಮಂದಿ. ಒಬ್ಬರು ಚಮಚ ಹಿಡಿದರೆ ಇನ್ನೊಬ್ಬರು ಗಲ್ಲ ಹಿಡಿಯುತ್ತಿದ್ದರು. ತುಟಿ ಬಿಗಿದು, ಕಣ್ಣು ಮುಚ್ಚಿ ಮಲಗಿದ್ದ ಅತ್ತಿಗೆ, ಡಾಕ್ಟರು ಅತ್ತ ಹೋದ ಮೇಲೆ ಒಂದು ಕಣ್ಣು ತೆರೆದರು.

“ಒಂದು ಹಣ್ಣಿದೆ. ಅದಾದ್ರೆ ತಿಂತೀನಿ.”

ಎಲ್ಲರೂ ಒಟ್ಟಿಗೆ ಬಗ್ಗಿದರು.

“ಫೀಜೋವಾ” ಎಂದು ಹೇಳಿ ಅತ್ತಿಗೆ ಮತ್ತೆ ಕಣ್ಣು ಮುಚ್ಚಿದರು.

ಯಾರೂ ಕೇಳಿರದ ಹೆಸರು. ಆದರೆ ಕ್ಷೌರದಂಗಡಿಯವನು ತಲೆಯಾಡಿಸಿ, ಗೊತ್ತು, ಹಸಿರಾಗಿ ಮೊಟ್ಟೆಯ ಹಾಗಿರುತ್ತದೆ, ಗಿರಾಕಿಯೊಬ್ಬರ ಬಾಯಲ್ಲಿ ಕೇಳಿದ್ದೇನೆ ಎಂದ. ಅವನಿಗಿಂತ ಕಡಿಮೆಯಾಗಬಾರದೆಂದು ಅಣ್ಣ, ನಾನು ತಿಂದೇ ಇದ್ದೇನೆ ಎಂದುಬಿಟ್ಟ. ಎಲ್ಲಿ, ಯಾವಾಗ ಎಂದು ಕೇಳುವ ಹೊತ್ತಲ್ಲ ಅದು. ಐದೇ ನಿಮಿಷದಲ್ಲಿ ಗುಂಪು ದಿಕ್ಕಿಗೊಬ್ಬರಂತೆ ಹೊರಟಿತು. ಅಷ್ಟು ಜನ ತನ್ನ ಅತ್ತಿಗೆಗಾಗಿ ಕೆಲಸ ಬಿಟ್ಟು ಓಡುವುದನ್ನು ಕಂಡು ಜಿಪ್ಪಣ್ಣ ಅವರ ಬೆನ್ನಿಗೇ ಕೈ ಮುಗಿದು ತಾನೂ ಓಡಿದ.

ಮಾರುಕಟ್ಟೆಯಲ್ಲಿ ಅವನು ಹನ್ನೊಂದು ಅಂಗಡಿ ಹತ್ತಿ ಇಳಿದ. ಒಬ್ಬ ಕಿತ್ತಳೆ ತೋರಿಸಿದ. ಇನ್ನೊಬ್ಬ, ಅದು ನಿನ್ನೆ ಸಂಜೆಯಷ್ಟೇ ಖಾಲಿಯಾಯಿತು ಎಂದ. ಅದು ಹಣ್ಣೋ ತರಕಾರಿಯೋ ಎಂದು ಜಿಪ್ಪಣ್ಣ ಕೇಳಿದರೆ ಅವನು ತಕ್ಕಡಿ ಒರೆಸುತ್ತ ಆಚೆ ನೋಡಿದ. ಕೊನೆಯ ಅಂಗಡಿಯ ಯಜಮಾನಿ ಮಾತ್ರ ಸ್ಟೂಲು ಕೊಟ್ಟು ಕೂರಿಸಿದಳು. ನಲವತ್ತು ವರ್ಷ ಹಣ್ಣಿನ ನಡುವೆ ಕೂತು ಮುಖವೂ ಮಾಗಿದ್ದ ಹೆಂಗಸು.

“ಅದು ಅಂಗಡಿಗೆ ಬರೋ ಹಣ್ಣಲ್ಲಪ್ಪ” ಎಂದಳು. “ಮರದಲ್ಲಿದ್ದಾಗ ಕಿತ್ರೆ ಕಾಯಿ. ತಾನಾಗೇ ಬಿದ್ರೆ ಹಣ್ಣು. ಬಿದ್ದ ಮೂರ್ನಾಲ್ಕು ದಿನಕ್ಕೆ ಒಳಗೆಲ್ಲ ಕಂದು. ಲಾರಿ ಹತ್ತಿಸೋದು ಯಾವಾಗ, ಇಳಿಸೋದು ಯಾವಾಗ?”

ಮರ ಇದ್ದ ಕಡೆ ಅದನ್ನು ಯಾರೂ ಕೊಳ್ಳುವುದಿಲ್ಲವಂತೆ, ಎಲ್ಲರ ಹಿತ್ತಲಲ್ಲೂ ಬಿದ್ದಿರುತ್ತದೆ. ಮರ ಇಲ್ಲದ ಕಡೆ ಅದರ ಹೆಸರೇ ಗೊತ್ತಿರುವುದಿಲ್ಲ. ಅವಳು ಒಂದೇ ಒಂದು ಸಲ, ಯಾರೋ ಪ್ರಯಾಣಿಕರು ಕೊಟ್ಟದ್ದನ್ನು ತಿಂದಿದ್ದಳು. ರುಚಿ ಮರೆತಿದೆ, ವಾಸನೆ ಮರೆತಿಲ್ಲ ಎಂದಳು. ಅತ್ತರಿನ ಸೀಸೆಯನ್ನು ಯಾರೋ ಅನಾನಸಿನ ಮೇಲೆ ಬೀಳಿಸಿದ ಹಾಗಂತೆ. ಆಸ್ಪತ್ರೆಗೆ ಎಂದು ಕೇಳಿ ಎರಡು ದಾಳಿಂಬೆಯನ್ನು ಕೈಗಿಟ್ಟಳು. ಬೇಡವೆಂದರೂ ಬಿಡಲಿಲ್ಲ. ಜಿಪ್ಪಣ್ಣ ಕೈ ಮುಗಿದು ಎದ್ದ. ಹಣ್ಣು ಸಿಗದಿದ್ದರೂ ಇಷ್ಟು ತಿಳಿಸಿ ಹೇಳುವವರು ಸಿಕ್ಕರಲ್ಲ ಎಂದುಕೊಂಡ.

ಮಧ್ಯಾಹ್ನ ಎರಡು ಗಂಟೆಗೆ ತನ್ನ ಅಂಗಡಿಗೆ ಬಂದರೆ, ಅವನು ಕೂತು ಹೊಲಿಯುವ ಹಲಗೆಯೇ ಕಾಣುತ್ತಿರಲಿಲ್ಲ. ಬೆಳಿಗ್ಗೆ ಓಡಿದ್ದವರೆಲ್ಲ ತಮಗೆ ಕಂಡ ಹಸಿರನ್ನೆಲ್ಲ ತಂದು ಸುರಿದಿದ್ದರು. ಸೀಬೆಕಾಯಿ, ನಿಂಬೆಕಾಯಿ, ಒಂದು ಬೆಣ್ಣೆಹಣ್ಣು, ಎರಡು ಎಳೆಯ ಬದನೆ. ನಡುವೆ ಒಂದು ಬಿಳಿ ಬಟ್ಟೆಯ ಮೇಲೆ, ರಾಜಕುಮಾರನನ್ನು ಮಲಗಿಸಿದ ಹಾಗೆ, ನುಣ್ಣಗೆ ಹೊಳೆಯುವ ಹಸಿರು ಮೊಟ್ಟೆಯಂಥ ಒಂದು ಹಣ್ಣು. ಅದರ ಪಕ್ಕ ಅಣ್ಣನೂ ಕ್ಷೌರದಂಗಡಿಯವನೂ ಕೈಕಟ್ಟಿ ನಿಂತಿದ್ದರು.

“ಇದೇ ನೋಡು ಅದು” ಎಂದ ಅಣ್ಣ. “ನಾನು ತಿಂದದ್ದು ಸಾಕ್ಷಾತ್ ಇದೇ.”

ಜಿಪ್ಪಣ್ಣ ಅದನ್ನು ಎರಡೂ ಕೈಯಲ್ಲಿ ಎತ್ತಿ ಮೂಸಿದ. ಅನಾನಸು ಇಲ್ಲ, ಅತ್ತರು ಇಲ್ಲ. ಗಡ್ಡಕ್ಕೆ ಹಚ್ಚುವ ಸೋಪಿನ ನೊರೆಯ ವಾಸನೆ. ಬೆಳಕಿಗೆ ಹಿಡಿದು ನೋಡಿದರೆ ತುದಿಯಲ್ಲಿ ಒಂದಿಷ್ಟು ಕಂದು ರೋಮ ಉಳಿದಿತ್ತು.

“ಇದು ಕಿವಿ ಹಣ್ಣಲ್ಲವಾ?”

ಕ್ಷೌರದಂಗಡಿಯವನು ನೆಲ ನೋಡಿದ. “ಕ್ಷೌರ ಮಾಡಿದ ಮೇಲೆ ಯಾರಿಗೆ ಗೊತ್ತಾಗುತ್ತೆ ಅಂದ್ಕೊಂಡೆ” ಎಂದ. “ಎಳೇ ಕೂಸಿನ ತಲೆ ಬೋಳಿಸೋದು ಇದಕ್ಕಿಂತ ಸುಲಭ ಮಾರಾಯ. ಮೂರು ಹಣ್ಣು ಹಾಳಾಯ್ತು, ನಾಲ್ಕನೇದು ಇದು. ಒಂದು ಗಾಯ ಇಲ್ಲ ನೋಡು.”

ನಿಜವಾಗಿಯೂ ಒಂದು ಗಾಯವಿರಲಿಲ್ಲ. ಜಿಪ್ಪಣ್ಣನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗಿರಾಕಿಗಳನ್ನು ಕಾಯಿಸಿ, ಹೊಸ ಬ್ಲೇಡು ಹಾಕಿ, ಒಂದು ಹಣ್ಣಿಗೆ ಕ್ಷೌರ ಮಾಡುವ ಸ್ನೇಹಿತ ಎಷ್ಟು ಜನಕ್ಕೆ ಇರುತ್ತಾನೆ? ಅತ್ತಿಗೆಗೆ ಸುಳ್ಳು ಹೇಳಲು ನನ್ನಿಂದಾಗದು, ಆದರೆ ನಿನ್ನ ಉಪಕಾರ ಮರೆಯುವುದಿಲ್ಲ ಎಂದು ಅವನ ಭುಜ ಹಿಡಿದು ಹೇಳಿದ. ಅಣ್ಣ ಮಾತ್ರ, ಹಾಗಾದರೆ ನಾನು ತಿಂದದ್ದೂ ಕ್ಷೌರವಾದದ್ದೇ ಇರಬೇಕು ಎಂದು ಗೊಣಗಿದ.

ಗಂಟೆ ಮೂರಾಯಿತು. ಜಿಪ್ಪಣ್ಣ ತಲೆಯ ಮೇಲೆ ಕೈ ಹೊತ್ತು, ರಿಪೇರಿಗೆ ಬಂದ ಬ್ಯಾಗುಗಳಿಗೆ ಒರಗಿ ಕುಸಿದು ಕೂತ. ಕೂತ ರಭಸಕ್ಕೆ ಒಂದು ಹಳೆಯ ಕ್ಯಾನ್ವಾಸ್ ಚೀಲ ಅವನ ಮುಖದ ಮೇಲೆಯೇ ಬಿತ್ತು. ಉಸಿರೆಳೆದವನು ಹಾಗೇ ಕೂತುಬಿಟ್ಟ. ಅತ್ತರು. ಅನಾನಸು. ಚೀಲದೊಳಗೆ ತಲೆ ತೂರಿಸಿ ಇನ್ನೊಮ್ಮೆ ಎಳೆದ. ಅತ್ತರಿನ ಸೀಸೆ ಅನಾನಸಿನ ಮೇಲೆಯೇ ಬಿದ್ದಿತ್ತು.

ಅದು ನಿವೃತ್ತ ಭೂಗೋಳದ ಟೀಚರಮ್ಮನ ಚೀಲ. ಪ್ರತಿ ವರ್ಷ ಇದೇ ಹೊತ್ತಿಗೆ ಮೂರು ನಾಲ್ಕು ಚೀಲಗಳ ಹಿಡಿಕೆ ಕಿತ್ತು ತರುತ್ತಿದ್ದರು. ಇಷ್ಟು ಭಾರ ಏನು ಹೊರುತ್ತೀರಿ ಎಂದು ಜಿಪ್ಪಣ್ಣ ಒಮ್ಮೆಯೂ ಕೇಳಿರಲಿಲ್ಲ. ಮೇಣ ಹಚ್ಚಿದ ದಾರದಲ್ಲಿ ಎರಡು ಸುತ್ತು ಹೊಲಿದು ಕೊಡುತ್ತಿದ್ದನಷ್ಟೆ. ಈಗ ಚೀಲ ಬಗಲಿಗಿಟ್ಟು ಅವರ ಮನೆಯತ್ತ ಓಡಿದ.

ಅವರ ಬೀದಿಗೆ ಹೊಕ್ಕೊಡನೆ ಒಂದು ವಿಚಿತ್ರ ನಡೆಯಿತು. ಆ ಚೀಲ ಕಂಡದ್ದೇ ತಡ, ಜಗಲಿಯಲ್ಲಿ ಕೂತಿದ್ದ ಮುದುಕರೊಬ್ಬರು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಬಟ್ಟೆ ಹರವುತ್ತಿದ್ದ ಹೆಂಗಸು ಸೀರೆಯ ಹಿಂದೆ ಅವಿತಳು. ನಾಲ್ಕನೆಯ ಮನೆಯ ಟೀಚರಮ್ಮ ಮಾತ್ರ ಬಾಗಿಲು ತೆರೆದು ನಿಂತರು. ಜಿಪ್ಪಣ್ಣ ಏದುಸಿರಿನಲ್ಲೇ, ಅಮ್ಮಾ, ನಿಮ್ಮಲ್ಲಿ ಒಂದು ಫೀಜೋವಾ ಸಿಗಬಹುದೇ ಎಂದು ಕೇಳಿದ.

ಅವರು ಮೆಟ್ಟಿಲ ಮೇಲೆ ಕೂತುಬಿಟ್ಟರು. ಕನ್ನಡಕ ತೆಗೆದು ಒರೆಸಿಕೊಂಡರು.

“ಹನ್ನೊಂದು ವರ್ಷ ಆಯ್ತಪ್ಪ ಹಿತ್ತಲಿನ ಮರ ಹಣ್ಣು ಬಿಡೋಕೆ ಶುರುವಾಗಿ” ಎಂದರು. “ಬಾಯಿಬಿಟ್ಟು ಕೇಳಿದವನು ನೀನೇ ಮೊದಲು.”

ಹಿತ್ತಲಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೂದಿ ಬಣ್ಣದ ಎಲೆಯ ಗಿಡ್ಡ ಮರ, ಅದರ ಕೆಳಗೆ ನೆಲವೆಲ್ಲ ಹಸಿರು ಮೊಟ್ಟೆಗಳು. ಇಡೀ ಪೇಟೆಯಲ್ಲಿ ಹುಡುಕಿದರೂ ಒಂದು ಸಿಗದ ಹಣ್ಣು ಇಲ್ಲಿ ಕಸದಂತೆ ಬಿದ್ದಿತ್ತು. ಮೊದಮೊದಲು ನೆರೆಯವರು ಸಂತೋಷದಿಂದ ತೆಗೆದುಕೊಳ್ಳುತ್ತಿದ್ದರಂತೆ. ಮೂರನೆಯ ವರ್ಷಕ್ಕೆ, ಕೊಟ್ಟದ್ದೇ ಇನ್ನೂ ಇದೆ, ಬೇಡ ಎಂದರು. ಐದನೆಯ ವರ್ಷದಿಂದ ಬಾಗಿಲು ಹಾಕತೊಡಗಿದರು. ಜಿಪ್ಪಣ್ಣ ಆಸೆಗೆ ಕೊಂಬೆಯಿಂದ ಒಂದನ್ನು ಕೀಳಹೋದ. ಟೀಚರಮ್ಮ ತರಗತಿಯಲ್ಲಿ ಹೊಡೆಯುವಂತೆ ಅವನ ಕೈ ಮೇಲೆ ಒಂದು ಕೊಟ್ಟು, ನೆಲದ್ದು ಮಾತ್ರ ಎಂದರು.

ಅವನು ಕೇಳಿದ್ದು ಒಂದು. ಅವರು ತುಂಬಿದ್ದು ನಾಲ್ಕು ಚೀಲ. ಒಂದನ್ನೂ ವಾಪಸು ತರಕೂಡದು ಎಂದು ಕಟ್ಟಪ್ಪಣೆ ಮಾಡಿದರು. ಜಿಪ್ಪಣ್ಣ ಅವರ ಕಾಲು ಮುಟ್ಟಲು ಬಗ್ಗಿದ. ಅವರು, ನಾನೇ ನಿನ್ನ ಕಾಲು ಮುಟ್ಟಬೇಕು, ಹೋಗು, ಹೊತ್ತಾಯಿತು ಎಂದು ಬಸ್ಸಿನ ತನಕ ಬಂದು ಹತ್ತಿಸಿದರು.

ನಾಲ್ಕೂವರೆಯ ಬಸ್ಸು ಕಿಕ್ಕಿರಿದಿತ್ತು. ಆಸ್ಪತ್ರೆಗೆ ಎರಡು ನಿಲ್ದಾಣ ಇರುವಾಗ ಡ್ರೈವರು ಬ್ರೇಕು ಒತ್ತಿದ. ಒಂದು ಚೀಲದ ತಳ ಬಿಚ್ಚಿಕೊಂಡಿತು. ಹಿಡಿಕೆ ಅವನು ಹೊಲಿದದ್ದು, ಕಿತ್ತು ಬರಲಿಲ್ಲ. ತಳ ಅವನು ನೋಡಿರಲೇ ಇಲ್ಲ. ಹಸಿರು ಮೊಟ್ಟೆಗಳು ಬಸ್ಸಿನ ತುಂಬ ಉರುಳಿದವು. ಜಿಪ್ಪಣ್ಣ ಮೊಣಕಾಲೂರಿ ಹುಡುಕತೊಡಗಿದ, ಮೂಗಿನ ನಳಿಗೆಯ ವಿಷಯವನ್ನೂ ಬಾಯಿಬಿಟ್ಟ. ಆಮೇಲೆ ಬಸ್ಸಿನಲ್ಲಿ ನಿಂತವರು ಕೂತರು, ಕೂತವರು ಬಗ್ಗಿದರು. ಕೋಟು ಹಾಕಿಕೊಂಡ ಒಬ್ಬ ದೊಡ್ಡ ಮನುಷ್ಯರು ಸೀಟಿನ ಕೆಳಗೆ ಪೂರಾ ತೂರಿ ಎರಡು ಹಣ್ಣು ಹಿಡಿದು ಹೊರಬಂದರು. ಒಂದೂ ಕಳೆಯಲಿಲ್ಲ. ಇಳಿಯುವಾಗ ಜಿಪ್ಪಣ್ಣ ಒಬ್ಬೊಬ್ಬರಿಗೂ ಕೈ ಮುಗಿಯುತ್ತ ಹೊರಟದ್ದರಿಂದ ಬಸ್ಸು ಐದು ನಿಮಿಷ ತಡವಾಯಿತು.

ಐದಕ್ಕೆ ಎರಡು ನಿಮಿಷವಿರುವಾಗ ಅವನು ವಾರ್ಡಿಗೆ ನುಗ್ಗಿದ. ಅತ್ತಿಗೆ ದಿಂಬಿಗೆ ಒರಗಿ ಕೂತು, ಯಾರೋ ಬಿಟ್ಟುಹೋದ ಹಳೆಯ ಪತ್ರಿಕೆ ಓದುತ್ತಿದ್ದರು. ಮೂಗಿನಲ್ಲಿ ನಳಿಗೆ ಇರಲಿಲ್ಲ. ಜಿಪ್ಪಣ್ಣ ಮಾತಾಡದೆ ಒಂದು ಹಣ್ಣನ್ನು ಹೋಳು ಮಾಡಿ ಚಮಚದಲ್ಲಿ ತಿರುಳು ತೆಗೆದು ಹಿಡಿದ. ಅತ್ತಿಗೆ ಹಣ್ಣನ್ನು ನೋಡಿದರು, ಅವನನ್ನು ನೋಡಿದರು, ಮತ್ತೆ ಹಣ್ಣನ್ನು ನೋಡಿದರು. ಬಾಯಿ ತೆರೆದರು. ನುಂಗಿದರು. ಜಿಪ್ಪಣ್ಣನಿಗೆ ಕಣ್ಣು ಮಂಜಾಯಿತು.

ಅಷ್ಟರಲ್ಲಿ ಆ ಕಡೆ ಹಾದುಹೋಗುತ್ತಿದ್ದ ನರ್ಸಮ್ಮ, “ಇನ್ನೂ ಜಾಗ ಇದೆಯಾ ಅಮ್ಮಾ? ಮಧ್ಯಾಹ್ನ ಎರಡು ತಟ್ಟೆ ಊಟ ಮಾಡಿದ್ರಿ” ಎಂದು ನಕ್ಕು ಹೋದರು.

ಎರಡನೆಯ ಚಮಚ ಗಾಳಿಯಲ್ಲೇ ನಿಂತಿತು.

“ಕೋಪ ಮಾಡ್ಕೋಬೇಡ ಮರಿ” ಎಂದರು ಅತ್ತಿಗೆ ಮೆಲ್ಲಗೆ. “ನಾಲ್ಕು ದಿನದಿಂದ ಏಳೆಂಟು ಜನ ಸುತ್ತ ನಿಂತು ನನ್ನ ಬಾಯನ್ನೇ ನೋಡ್ತಿದ್ರಿ. ಹಾಗೆ ನೋಡಿದ್ರೆ ಯಾರಿಗೆ ಇಳಿಯುತ್ತೆ? ಪ್ರೀತಿಯಿಂದ ಬರೋರನ್ನ ಬರಬೇಡಿ ಅನ್ನೋಕಾಗುತ್ತಾ? ಇದರಲ್ಲಿ ಓದಿದೆ, ಈ ಹಣ್ಣು ಅಂಗಡೀಲಿ ಸಿಗಲ್ಲ ಅಂತ. ಅದಕ್ಕೇ ಕೇಳಿದೆ. ಎಲ್ಲರೂ ಓಡಿದ್ರಿ. ವಾರ್ಡು ಎಷ್ಟು ತಣ್ಣಗಿತ್ತು ಅಂತೀಯ. ಹನ್ನೆರಡೂವರೆಗೆ ತಟ್ಟೆ ಬಂತು, ಹೊಟ್ಟೆ ಚುರ್ ಅಂತು, ಉಂಡೆ.”

ಜಿಪ್ಪಣ್ಣ ಚಮಚದಲ್ಲಿದ್ದುದನ್ನು ತಾನೇ ತಿಂದ. ಹೊಟ್ಟೆಗೆ ಬೆಳಿಗ್ಗೆಯಿಂದ ಏನೂ ಬಿದ್ದಿಲ್ಲ ಎಂಬುದು ಅವನಿಗೆ ಆಗ ನೆನಪಾಯಿತು. ಕೋಪ ಎಲ್ಲಿಂದ ಬರಬೇಕು? ಉಂಡರಲ್ಲ. ಅದಕ್ಕಿಂತ ಇನ್ನೇನು ಬೇಕಿತ್ತು.

“ಇನ್ನೂ ಮೂರು ದಿನ ಇಟ್ಕೋತಾರಂತೆ” ಎಂದರು ಅತ್ತಿಗೆ, ಪತ್ರಿಕೆಯ ಹಾಳೆ ತಿರುಗಿಸುತ್ತ. “ಇದರಲ್ಲಿ ಇನ್ನೂ ಎಂಥೆಂಥ ಹಣ್ಣುಗಳಿವೆ. ಈಗ ಅವರು ಬಂದಾಗ ಒಂದು ಹೇಳ್ತೀನಿ. ನೀನು ಬಾಯಿಬಿಡಬೇಡ. ಮುಂದೆ ನಿಂತು ಹುಡುಕು. ಆದರೆ ದಮ್ಮಯ್ಯ, ಈ ಸಲ ತರಬೇಡ.”

ಮಾತು ಮುಗಿಯುವ ಮೊದಲೇ ಅಣ್ಣ, ಕ್ಷೌರದಂಗಡಿಯವನು, ಬೀದಿಯ ನಾಲ್ಕೈದು ಮಂದಿ ಮಂಚ ಸುತ್ತಿಕೊಂಡರು. ಖಾಲಿ ಸಿಪ್ಪೆ ಕಂಡು ಅವರ ಮುಖ ಅರಳಿತು. ಅಣ್ಣ ಹೆಂಡತಿಯ ಬಾಯಿ ನೋಡುತ್ತ, ನಾಳೆ ಏನು ತಿನ್ನುತ್ತೀ ಎಂದ.

“ಜಬೂಟಿಕಾಬಾ” ಎಂದರು ಅತ್ತಿಗೆ, ಕಣ್ಣು ಮುಚ್ಚಿಕೊಂಡು.

ಅಣ್ಣ ಅದನ್ನೂ ತಿಂದಿದ್ದ. ಬೆಳಿಗ್ಗೆ ಆರಕ್ಕೇ ಹೊರಡುವುದೆಂದು ತೀರ್ಮಾನವಾಯಿತು. ಇವತ್ತು ಕಂಡುಹಿಡಿದವನು ಜಿಪ್ಪಣ್ಣ, ನಾಳೆಯೂ ಅವನು ಹೇಳಿದ ಕಡೆಗೇ ಎಲ್ಲರೂ ಎಂದರು. ಅಂಗಡಿಯಲ್ಲಿ ಹತ್ತು ಬ್ಯಾಗು, ಮೂರು ಸೂಟ್‌ಕೇಸು ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದವು. ಜಿಪ್ಪಣ್ಣ ಅವನ್ನು ನೆನೆದ. ತನ್ನ ಸುತ್ತ ನಿಂತ ಮುಖಗಳನ್ನು ನೋಡಿದ. ಒಬ್ಬರಾದರೂ ಬಾರದೆ ಉಳಿಯುವಂತೆ ಕಾಣಲಿಲ್ಲ.

“ಮೊದಲು ಎಲ್ಲಿ ಕೇಳೋದು?” ಎಂದ ಕ್ಷೌರದಂಗಡಿಯವನು.

ಜಿಪ್ಪಣ್ಣ ಬಹಳ ಹೊತ್ತು ಯೋಚಿಸಿದ.

“ಕಬ್ಬಿಣದ ಅಂಗಡಿಯಲ್ಲಿ ಕೇಳಿ ನೋಡೋಣ” ಎಂದ.

ಕ್ಷೌರದಂಗಡಿಯವನು ಗಂಭೀರವಾಗಿ ತಲೆಯಾಡಿಸಿದ. “ನಾನೂ ಅದನ್ನೇ ಹೇಳೋಣ ಅಂತಿದ್ದೆ.”