ಮೊಮ್ಮಗಳ ಟೋಪಿಗೆ ಮೆತ್ತನೆಯ ಉಣ್ಣೆ

ಮೊಮ್ಮಗಳ ನಾಮಕರಣಕ್ಕೆ ತಾನೇ ಟೋಪಿ ಹೆಣೆದು ತರುತ್ತೇನೆಂದು ಆದೆಪ್ಪ ಫೋನಿನಲ್ಲಿ ಹೇಳಿದ್ದೇ ತಪ್ಪಾಯಿತು. ಕಲ್ಯಾಣದುರ್ಗದಿಂದ ಬೀಗ, ಸೊಸೆಯ ಅಪ್ಪ ವೆಂಕಟರಮಣಪ್ಪ ನಕ್ಕ ನಗು ಹಿಂದೂಪುರದ ಬೂತಿನ ಮುಂದೆ ನಿಂತವರಿಗೆಲ್ಲ ಕೇಳಿಸಿತು. ರೊಪ್ಪದ ತುಂಬ ಕುರಿ ಇರುವ ಮನೆಯ ಕೂಸಿಗೆ ಅಂಗಡಿ ಉಣ್ಣೆಯೇ, ಅದೂ ಗಂಡಸು ಹೆಣೆದ ಟೋಪಿಯೇ ಎಂದು ಅವನ ತಮಾಷೆ. ಅಂದೇ ಆದೆಪ್ಪ ಹಟಕ್ಕೆ ಬಿದ್ದ. ತೊಟ್ಟಿಲಿಗೆ ಹಾಕುವ ಹೊತ್ತಿಗೆ ಮಗುವಿನ ತಲೆಯ ಮೇಲೆ ತನ್ನ ಟೋಪಿ ಇರಲೇಬೇಕು. ಇಲ್ಲದಿದ್ದರೆ ಬೀಗನ ಬಾಯಿಗೆ ಜನ್ಮವಿಡೀ ಆಹಾರ.

ಸೆಟ್ಟೂರಿನ ಕುರಿ ಕಾಯುವ ಮನೆಯಲ್ಲಿ ಹುಟ್ಟಿದ ಆದೆಪ್ಪ ಈಗ ಹಿಂದೂಪುರದ ಶಾಲೆಯೊಂದರಲ್ಲಿ ಅಟೆಂಡರ್. ಅವನಿಗೆ ಹೆಣಿಗೆ ಕಲಿಸಿದವರು ಅಲ್ಲಿನ ಕರಿಬಸಮ್ಮ ಟೀಚರ್. ಮೆರಿನೊ ಕುರಿಯ ಮೆತ್ತನೆಯ ಉಣ್ಣೆಯ ಆಸೆ ಹಚ್ಚಿದವರೂ ಅವರೇ. ಹೊರದೇಶದಲ್ಲಿ ಕೆಲವರು ಹುಳು ಬೀಳದಿರಲೆಂದು ಆ ಕುರಿಗಳ ಬಾಲದ ಸುತ್ತಿನ ಚರ್ಮವನ್ನೇ ಕೊಯ್ಯುತ್ತಾರಂತೆ ಎಂದು ಟೀಚರ್ ಹೇಳಿದ ದಿನ ಅವನಿಗೆ ಊಟ ಸೇರಲಿಲ್ಲ. ಹಾಗೆ ಕೊಯ್ಯದೆ ಸಾಕುವವರೂ ಇದ್ದಾರೆ, ಉಂಡೆಗೆ ಹಾಗೆಂದು ಬರೆದ ಚೀಟಿ ಇರುತ್ತದೆ, ನೋಡಿ ತೆಗೆದುಕೋ ಎಂದು ಅವರೇ ಪೇಟೆಯ ಅಂಗಡಿಗೆ ಹೇಳಿ ಬೆಂಗಳೂರಿನಿಂದ ಉಣ್ಣೆ ತರಿಸಿದರು.

ಪಾರ್ಸೆಲ್ ಬಂದದ್ದು ನಾಮಕರಣದ ದಿನವೇ ಬೆಳಿಗ್ಗೆ. ಅಂಗಡಿಯವನು ಮೊದಲು ಥಳಥಳ ಹೊಳೆಯುವ ಉಂಡೆಯೊಂದನ್ನು ಮುಂದಿಟ್ಟ. ಆದೆಪ್ಪ ಒಂದು ಎಳೆ ಕಿತ್ತು ಬೆಂಕಿಕಡ್ಡಿ ಗೀರಿದ. ಎಳೆ ಕರಗಿ ಮಣಿಯಾಯಿತು, ಸುಟ್ಟ ಕೂದಲಿನ ವಾಸನೆ ಬರಲಿಲ್ಲ. ಕುರಿ ಕಾದವನಿಗೇ ಪ್ಲಾಸ್ಟಿಕ್ ಮಾರುತ್ತೀಯಾ ಎಂದು ಗದರಿದ ಮೇಲೆ ಎರಡು ಮೆರಿನೊ ಉಂಡೆ ಹೊರಬಂದವು. ಒಂದಕ್ಕೆ ಚೀಟಿ ಇತ್ತು. ಚೀಟಿ ಇಲ್ಲದ್ದು ಇನ್ನೂ ನುಣುಪು, ಅಂಗಡಿಯವನು ಅದನ್ನೇ ಮುಂದೆ ತಳ್ಳಿದ.

"ಇದೇ ತಗೋ, ರೇಟೂ ಕಮ್ಮಿ. ಆ ಕುರಿ ಹಿಂಭಾಗ ನೋಡಾಕೆ ನೀನೇನು ಹೋಯ್ತೀಯಾ?"

"ಹೋಗಾಕಾಗಲ್ಲ ಕಣಪ್ಪ. ಅದ್ಕೇ ಚೀಟಿ ಇರೋದು ಕೊಡು," ಎಂದು ಆದೆಪ್ಪ ದುಬಾರಿಯದನ್ನೇ ಕೊಂಡ.

ಬಸ್ಸಿನಲ್ಲಿ ಕೂತೊಡನೆ ಹೆಣಿಗೆ ಕಡ್ಡಿ ಹಿಡಿದ. ಇದು ಹೆಂಗಸರ ಕೆಲಸ ಅಲ್ಲವಾ ಮಾಮಾ ಎಂದು ಕಂಡಕ್ಟರ್ ತೆಲುಗಿನಲ್ಲಿ ಕೆಣಕಿದ. ಟಿಕೆಟ್ ಹರಿಯುವುದು ನಿನ್ನ ಕೆಲಸ, ಹರಿ ಎಂದು ಆದೆಪ್ಪ ತೆಲುಗಿನಲ್ಲೇ ಹೇಳಿದ. ಪಕ್ಕದ ಮುದುಕಿ ಪ್ರತಿ ಸಾಲಿಗೂ ತಪ್ಪು ತೆಗೆದಳು. ಹಿಂದಿನವರು ಎಳೆ ಮುಟ್ಟಿ ಮುಟ್ಟಿ ಕೆನ್ನೆಗೆ ಒತ್ತಿಕೊಂಡರು. ಪೆನುಕೊಂಡ ದಾಟುವಾಗ ರಸ್ತೆಯ ಗುಂಡಿಯೊಂದು ಮೂರು ಕುಣಿಕೆ ನುಂಗಿತು. ಬಿಚ್ಚಿದ, ಮತ್ತೆ ಹೆಣೆದ. ಕಲ್ಯಾಣದುರ್ಗದಲ್ಲಿ ಇಳಿಯುವಾಗ ಮಧ್ಯಾಹ್ನವಾಗಿತ್ತು, ಟೋಪಿಗೆ ಲಾಡಿಯೂ ಬಂದಿತ್ತು.

ಬೀಗ ಅದನ್ನು ಎರಡು ಬೆರಳಲ್ಲಿ ಎತ್ತಿ, ಬಾಡಿದ ಸೊಪ್ಪಿನಂತಿದೆ ಎಂದ. ಆದೆಪ್ಪ ಚೀಟಿ ತೆಗೆದು ನೆರೆಹೊರೆಯವರ ಎದುರಿಗೆ ಗಟ್ಟಿಯಾಗಿ ಓದಿದ. ಒಂದು ಕುರಿಗೂ ನೋವಾಗಿಲ್ಲ ಎಂದು ಮೂರು ಸಲ ಹೇಳಿದ. ಬೀಗಿತ್ತಿ ಪೋಲಮ್ಮನಿಗೆ ಮಾತ್ರ ಕಣ್ಣು ತುಂಬಿತು. ಕೈಯಾರೆ ಹೆಣೆದು ತಂದಿದ್ದಾರೆ, ತಕ್ಕ ಮರ್ಯಾದೆ ಮಾಡುತ್ತೇನೆ ಎಂದು ಟೋಪಿಯನ್ನು ಒಳಗೆ ಒಯ್ದಳು. ಆದೆಪ್ಪ ಗೆದ್ದವನಂತೆ ಉಂಡು ಜಗಲಿಯ ಮೇಲೆ ನಿದ್ದೆ ಹೋದ.

ಸಂಜೆ ಸೊಸೆ ಹರಿತಾ ಮಗುವನ್ನು ಎತ್ತಿಕೊಂಡು ಬಂದಳು. ಹಿಂದೆಯೇ ಪೋಲಮ್ಮ ತಟ್ಟೆಯಲ್ಲಿ ಟೋಪಿ ತಂದಳು. ಅದು ತೆಂಗಿನ ಚಿಪ್ಪಿನ ಹಾಗೆ ಸೆಟೆದು ಕೂತಿತ್ತು. ಆದೆಪ್ಪ ಬೆರಳಿನಿಂದ ತಟ್ಟಿದರೆ ಟಕ್ ಎಂದಿತು.

"ಮುದುರಿ ಬಿದ್ದಿತ್ತಣ್ಣ. ಚೊಂಬಿನ ಮ್ಯಾಲೆ ಹಾಕಿ, ಹೊರಗಡೆಗೆಲ್ಲಾ ಹುಣಸೆಬೀಜದ ಗಂಜಿ ಬಳಿದು ಬಿಸಿಲಿಗಿಟ್ಟೆ. ನಮ್ಮ ಕಂಬಳಿಗೂ ಅದನ್ನೇ ಹಾಕದು," ಎಂದಳು ಪೋಲಮ್ಮ.

ಆದೆಪ್ಪನಿಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂದವು. ಇದನ್ನು ಕೂಸಿನ ತಲೆಗೆ ಮುಟ್ಟಿಸಲು ಬಿಡುವುದಿಲ್ಲ ಎಂದು ತಟ್ಟೆಗೆ ಅಡ್ಡ ನಿಂತ. ನೆರೆಯವರು ಏನು ಹೇಳಿದರೂ ಜಗ್ಗಲಿಲ್ಲ. ಕೊನೆಗೆ ಬೀಗನ ಕಂಬಳಿ ತುಂಡನ್ನೇ ಹಾಸಿ, ಹೊದಿಸಿ, ಮಗುವನ್ನು ತೊಟ್ಟಿಲಿಗೆ ಹಾಕಿ ಕೀರ್ತನಾ ಎಂದು ಹೆಸರಿಟ್ಟರು.

ಹಾಡು ಮುಗಿಯುವಷ್ಟರಲ್ಲಿ ರೊಪ್ಪದ ಕಡೆಯಿಂದ ಬೀಗನ ಕೂಗು ಬಂತು. ಎಲ್ಲರೂ ಹೋಗಿ ನೋಡಿದರೆ, ತಾಯಿಯ ಹಾಲು ಬಿಡಿಸಬೇಕಾದ ಮರಿಯೊಂದು ಕೆಚ್ಚಲಿಗೆ ಬಾಯಿ ಹಾಕದಂತೆ ಅದರ ಮೂತಿಗೆ ಆ ಟೋಪಿ ಹಾಕಿ ಲಾಡಿ ಬಿಗಿದಿದ್ದಾನೆ. ಉಸಿರಾಡಲೆಂದು ಎರಡು ತೂತು ಕೂಡ ಕೊರೆದಿದ್ದಾನೆ.

"ಹಗ್ಗದ ಕುಕ್ಕೆ ಹಾಕಿದ್ರೆ ಮೂತಿಯೆಲ್ಲಾ ಗಾಯ ಆಗ್ತಿತ್ತು ಬೀಗ. ಇದು ಹೊರಗಡೆ ಗಟ್ಟಿ, ಒಳಗಡೆ ಮೆತ್ತಗೈತೆ. ಕುರಿಗೆ ನೋವಾಗದ ಉಣ್ಣೆ ಅಂದಿದ್ದು ದಿಟ ಕಣಪ್ಪ. ಇನ್ನೂ ಹನ್ನೊಂದು ಮರಿ ಅವೆ, ಹೆಣೆದು ಕೊಡು," ಎಂದ ವೆಂಕಟರಮಣಪ್ಪ. ಅವನ ಮುಖದಲ್ಲಿ ತಮಾಷೆಯೇ ಇರಲಿಲ್ಲ.

ಆದೆಪ್ಪ ಅಂಗಿಯ ಜೇಬಿನಿಂದ ಅಳತೆ ಟೇಪು ತೆಗೆದ.

"ಹೆಣೀತೀನಿ. ಮೊದಲ್ನೇದು ನಿನ್ನ ಬಾಯಿಗೆ. ಬಾ, ಅಳತೆ ಕೊಡು."

ನಗುವಿಗೆ ರೊಪ್ಪದ ಕುರಿಗಳೆಲ್ಲ ಬೆದರಿ ಎದ್ದವು. ಒಳಗೆ ಕೀರ್ತನಾ ಮಾತ್ರ, ಚುಚ್ಚುವ ಕಂಬಳಿಗೆ ಕೆನ್ನೆಯೊತ್ತಿ, ಹುಟ್ಟಿದ ಮೇಲೆ ಮೊದಲ ಸಲ ಇಡೀ ಸಂಜೆ ಅಳದೆ ಮಲಗಿದ್ದಳು.